ಅಧ್ಯಕ್ಷರ ಪರವಾಗಿ ಅಧ್ಯಕ್ಷರು

ದೊರೆ ತೊಟ್ಟಿಲಲ್ಲಿದ್ದಾಗ, ಬುದ್ಧಿಯ ಸ್ಥಿಮಿತ ತಪ್ಪಿದಾಗ ಅಥವಾ ಶತ್ರುಗಳ ಸೆರೆಯಲ್ಲಿದ್ದಾಗ ಅವನ ಪರವಾಗಿ ಇನ್ನೊಬ್ಬರು ರಾಜ್ಯಭಾರ ಮಾಡುವ ಪದ್ಧತಿ ಲೋಕದ ಎಲ್ಲ ಕಡೆ ನಡೆದುಬಂದಿದೆ. ಅಂಥವರಿಗೆ ರಾಜಪ್ರತಿನಿಧಿ ಎಂದು ಹೆಸರು.

ಮಹಾರಾಷ್ಟ್ರದ ಗಡಿಯಲ್ಲಿ, ಬೇಡಕಿಹಾಳದ ಆಚೆಗಿರುವ ನಮ್ಮೂರ ಪಂಚಾಯಿತಿಯ ಅಧ್ಯಕ್ಷೆ ರುಕ್ಮವ್ವ ತೊಟ್ಟಿಲಲ್ಲಿರಲಿಲ್ಲ; ಆಕೆಗೆ ಮದುವೆಗೆ ಬಂದ ಮಗಳಿದ್ದಳು. ಬುದ್ಧಿಯೂ ನೆಟ್ಟಗಿತ್ತು, ಕಬ್ಬು ಕಡಿಯುವ ಗ್ಯಾಂಗಿನವರ ಜೊತೆ ಮರಾಠಿಯಲ್ಲಿ, ಫ್ಯಾಕ್ಟರಿಯವರ ಜೊತೆ ಕನ್ನಡದಲ್ಲಿ ಜಗಳಾಡಿ ಗೆಲ್ಲುತ್ತಿದ್ದಳು. ಶತ್ರುಗಳೂ ಹಿಡಿದಿರಲಿಲ್ಲ. ಆದರೆ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿದ್ದರಿಂದ, ನಿಯಮದಂತೆ ಆಕೆಯ ಗಂಡ ಧರೆಪ್ಪ ಅಧಿಕಾರ ವಹಿಸಿಕೊಂಡ. ಕುರ್ಚಿಯಲ್ಲಿ ಅವನು ಕೂತ. ಊರು ಅವನನ್ನು ‘ಅಧ್ಯಕ್ಷರೇ’ ಎಂದಿತು, ರುಕ್ಮವ್ವನನ್ನು ‘ಅಧ್ಯಕ್ಷರ ಮನಿಯವರು’ ಎಂದಿತು. ಕಾಗದಗಳು ಮನೆಗೆ ಬಂದಾಗ ಆಕೆ ಹಿಟ್ಟಿನ ಕೈ ತೊಳೆದು ಸಹಿ ಹಾಕುತ್ತಿದ್ದಳು.

ಬೇಸಿಗೆಯಲ್ಲಿ ಧರೆಪ್ಪನ ಮೊಣಕಾಲಿಗೆ ಆಪರೇಷನ್ ಮಾಡಿಸಬೇಕಾಯಿತು. ಮಿರಜಿನ ದವಾಖಾನೆಗೆ ಹೋಗುವ ಮುನ್ನ, ಪೀಠ ಬರಿದಾಗಬಾರದೆಂದು ಗೆಳೆಯ ಅಣ್ಣಾಸಾಬನನ್ನು ತನ್ನ ಜಾಗದಲ್ಲಿ ಕೂರಿಸಿದ. ಅದೇ ವಾರ ಮೇಲಿನ ಕಚೇರಿಯಿಂದ, ಅಧ್ಯಕ್ಷೆಯರ ಗಂಡಂದಿರು ಕುರ್ಚಿಯಲ್ಲಿ ಕೂರತಕ್ಕದ್ದಲ್ಲ ಎಂಬ ಸುತ್ತೋಲೆ ಬಂತು. ಸಮಾಧಾನ ಎಂಬ ಹೆಸರಿನ ಪಿಡಿಓ ಅದನ್ನು ಕೂಲಂಕಷವಾಗಿ ಓದಿ, ಅಣ್ಣಾಸಾಬ ಅಧ್ಯಕ್ಷರ ಗಂಡನಲ್ಲವಾದ್ದರಿಂದ ಸುತ್ತೋಲೆಯ ಪಾಲನೆಯಾಗಿದೆ ಎಂದು ಉತ್ತರ ಬರೆದ.

ಅಷ್ಟರಲ್ಲಿ ಕೆಳಗಿನ ಓಣಿಯ ನೀರಿನ ಪೈಪು ಒಡೆಯಿತು. ಹೆಣ್ಣುಮಕ್ಕಳು ಹೊಲದ ಬಾವಿಯಿಂದ ನೀರು ಹೊರತೊಡಗಿದರು. ಕೂಲಿ ಮಾಡುವ ಸುಂದರಾ ತುಂಬಿದ ಕೊಡದೊಂದಿಗೆ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಳು. ಓಣಿಯವರು ಪಂಚಾಯಿತಿಗೆ ಹೋದರು.

“ಪೈಪು ದೊಡ್ಡ ವಿಷಯ,” ಎಂದ ಅಣ್ಣಾಸಾಬ. “ನಾ ಬರೇ ಪ್ರತಿನಿಧಿಯ ಪ್ರತಿನಿಧಿ. ಧರೆಪ್ಪಣ್ಣ ನಡ್ಯಾಕ ಹತ್ತಲಿ, ನೋಡೂಣು.”

ಸುಂದರಾ ಕಟ್ಟು ಹಾಕಿಸಿಕೊಂಡ ಕೈಯಲ್ಲೇ ರುಕ್ಮವ್ವನ ಮನೆಗೆ ಬಂದಳು. “ಅಕ್ಕಾರ, ನಾವು ಓಟು ಹಾಕಿದ್ದು ನಿಮಗರಿ. ಧರೆಪ್ಪಣ್ಣನ ಮೊಣಕಾಲಿಗಲ್ಲ.”

ರುಕ್ಮವ್ವ ಆ ಕೈ ನೋಡಿದಳು. ಅವಳಿಗೆ ನಾಚಿಕೆಯಾಯಿತು. ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಪಂಚಾಯಿತಿಗೆ ನಡೆದಳು.

ಸಮಾಧಾನ ಎದ್ದು ನಿಂತ. “ಬರ್ರಿ ವೈನಿ. ಅಧ್ಯಕ್ಷರು ಮಿರಜಿನ್ಯಾಗ ಅದಾರಲ್ರಿ.”

“ಅಧ್ಯಕ್ಷಿ ನಾನಽ ಅಲ್ಲೇನ್ರಿ?”

“ಅದು ಖರೇರಿ. ಆದ್ರ ಅಧ್ಯಕ್ಷರು ಖುದ್ದ ಬಂದ್ರ ಎಲ್ಲಿ ಕುಂದರಸಬೇಕಂತ ನಮಗ ಆದೇಶ ಇಲ್ರಿ.”

ಆದೇಶಕ್ಕಾಗಿ ಮಿರಜಿಗೆ ಫೋನು ಹೋಯಿತು. ಧರೆಪ್ಪನಿಗೆ ಆಗಲೇ ಚಿಂತೆ ಹತ್ತಿತ್ತು. ಅಣ್ಣಾಸಾಬ ಕುರ್ಚಿಗೆ ಹೊಸ ಟವೆಲ್ ಹಾಸಿಕೊಂಡಿದ್ದಾನೆಂಬ ಸುದ್ದಿ ದವಾಖಾನೆಗೂ ಮುಟ್ಟಿತ್ತು. “ಅವನ್ನ ಎಬ್ಬಸ್ರಿ! ನಾ ಬರೂತನಾ ನನ್ನ ಬದ್ಲಿ ಅಕಿನಽ ಕುಂದರ್ಲಿ,” ಎಂದು ಹಾಸಿಗೆಯಿಂದಲೇ ಅಪ್ಪಣೆ ಕೊಟ್ಟ. ಮಧ್ಯಾಹ್ನದೊಳಗೆ ಫಲಕದ ಮೇಲೆ ಪ್ರಕಟಣೆ ಬಿತ್ತು:

‘ಅಧ್ಯಕ್ಷರಾದ ಶ್ರೀಮತಿ ರುಕ್ಮವ್ವ ಇವರ ಪರವಾಗಿ ಕಾರ್ಯನಿರ್ವಹಿಸುತ್ತಿರುವ ಶ್ರೀ ಧರೆಪ್ಪ ಇವರು ಚಿಕಿತ್ಸೆಯಲ್ಲಿರುವುದರಿಂದ, ಸದರಿಯವರ ಪರವಾಗಿ ಶ್ರೀಮತಿ ರುಕ್ಮವ್ವ ಇವರು ಕಾರ್ಯನಿರ್ವಹಿಸತಕ್ಕದ್ದು.’

ಊರವರು ಓದಿ, ಸರಿಯಾಗಿದೆ ಎಂದರು. ಅಣ್ಣಾಸಾಬ ಟವೆಲ್ ಮಡಚಿಕೊಂಡು ಹೋದ.

ರುಕ್ಮವ್ವ ಕುರ್ಚಿಯಲ್ಲಿ ಕೂತಳು. ಎದುರಿಗೆ ಕಂತ್ರಾಟದಾರ ಭೀಮಸಿ ಬಂದು, ಪೈಪು ಸಿಗುತ್ತಿಲ್ಲವೆಂದು ಶುರುಮಾಡಿದ. ಗ್ಯಾಂಗಿನವರ ಜೊತೆ ಆಡುವ ಮರಾಠಿಯನ್ನೇ ಅವನ ಮೇಲೂ ಆಡಿದಳು. ಪೈಪು ನಿಪ್ಪಾಣಿಯಲ್ಲೇ ಸಿಕ್ಕಿತು. ಕೆಳಗಿನ ಓಣಿಯ ನಳಕ್ಕೆ ನೀರು ಬಂದಾಗ ಸುಂದರಾ ಒಂದೇ ಕೈಯಲ್ಲಿ ಮುಖ ತೊಳೆದುಕೊಂಡು ನಕ್ಕಳು. ಆಮೇಲೆ ಗಟಾರು, ಅಂಗನವಾಡಿಯ ಸೋರುವ ಮಾಡು, ಒಂದೊಂದೇ ಆಗತೊಡಗಿದವು.

ಮಳೆಗಾಲದ ಹೊತ್ತಿಗೆ ಧರೆಪ್ಪ ಕೋಲೂರಿಕೊಂಡು ಬಂದು ಕುರ್ಚಿ ಕೇಳಿದ. ಸಮಾಧಾನನಿಗೆ ಇದು ಸೂಕ್ಷ್ಮ ವಿಷಯವೆನಿಸಿ ಮೇಲಿನವರ ಸ್ಪಷ್ಟೀಕರಣ ಕೋರಿದ. ಪ್ರತಿನಿಧಿಯನ್ನು ತೆಗೆಯುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ ಎಂದು ಉತ್ತರ ಬಂತು.

ಧರೆಪ್ಪ ಊಟಕ್ಕೆ ಕೂತಾಗ ವಿಷಯ ಎತ್ತಿದ. “ನೀ ಅಧ್ಯಕ್ಷಿ ಅದಿ. ಆ ಪ್ರತಿನಿಧೀನ ತಗದ ಬಿಡು.”

ರುಕ್ಮವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. “ಬಾಯಿಮಾತಿನ್ಯಾಗ ಹ್ಯಾಂಗ ಆಗತೈತ್ರಿ? ಅರ್ಜಿ ಕೊಡ್ರಿ.”

ಧರೆಪ್ಪ ಅರ್ಜಿ ಕೊಟ್ಟ. ಅಧ್ಯಕ್ಷರು ಅದನ್ನು ಅಭಿಪ್ರಾಯಕ್ಕಾಗಿ ಪ್ರತಿನಿಧಿಗೆ ಕಳಿಸಿದರು. ಅರ್ಜಿದಾರರ ಮೊಣಕಾಲಿಗೆ ಇನ್ನೂ ವಿಶ್ರಾಂತಿ ಅವಶ್ಯವಿದೆ ಎಂದು ಪ್ರತಿನಿಧಿ ಅಭಿಪ್ರಾಯಪಟ್ಟರು. ಅಧ್ಯಕ್ಷರು ಅದನ್ನು ಒಪ್ಪಿದರು. ಇಷ್ಟು ಕ್ರಮಬದ್ಧವಾದ ವಿಲೇವಾರಿಯನ್ನು ತಾನು ನೋಡಿರಲಿಲ್ಲವೆಂದು ಸಮಾಧಾನ ಎಲ್ಲರಿಗೂ ಹೇಳಿದ, ಧರೆಪ್ಪನೂ ಹೌದೆಂದು ತಲೆಯಾಡಿಸಿದ.