ಅತ್ತೆಯನ್ನು ಕೊಂದ ಸೂಸಫೋನ್

"ಬರೋ ಭಾನುವಾರದ ಮೆರವಣಿಗೇಲಿ ಇಡೀ ಕೇರಿ ಆ ಟ್ರಂಪೆಟ್ಟಿನವನನ್ನ ಬಿಟ್ಟು ನನ್ನ ಕಡೆ ತಿರುಗಿ ನೋಡದೆ ಹೋದ್ರೆ, ನನ್ನ ಹೆಸರು ಆಂಬ್ರೋಸ್ ತಿಬಡೋ ಅಲ್ಲ!"

ಸೋಮವಾರ ಮಧ್ಯಾಹ್ನ, ಕೆಂಪು ಕಾಳಿನ ಸಾರು ಅನ್ನದ ತಟ್ಟೆಯ ಮೇಲೆ ಚಮಚ ಎತ್ತಿ ಹಿಡಿದು ಆಂಬ್ರೋಸ್ ಈ ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿಸಿಕೊಳ್ಳಲು ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ಹೆಂಡತಿ ವರ್ನೆಲ್, ಮತ್ತು ಅವಳ ತಾಯಿ, ಇಡೀ ಕೇರಿ ಗೌರವದಿಂದ 'ಮಿಸ್' ಸೇರಿಸಿ ಕರೆಯುವ ಮಿಸ್ ಆರ್ಮಂಟೀನ್.

"ಹಾಗಾದ್ರೆ ಹೊಸ ಹೆಸರು ಈಗಲೇ ಹುಡುಕಿ ಇಟ್ಕೊಳಪ್ಪಾ," ಎಂದರು ಅತ್ತೆ, ಸಾರಿಗೆ ಖಾರದ ನೀರು ಚಿಮುಕಿಸುತ್ತ. "ಭಾನುವಾರ ಚರ್ಚು ತೆರೆದೇ ಇರುತ್ತೆ. ಪಾದ್ರಿಗಳು ನೀರು ಹಾಕಿ ಇಟ್ಟುಬಿಡ್ತಾರೆ."

ನ್ಯೂ ಆರ್ಲಿಯನ್ಸಿನ ಟ್ರಮೇ ಕೇರಿಯಲ್ಲಿ ಆಂಬ್ರೋಸನ ಸಂಕಟ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರೂ ಯಾರಿಗೂ ಅದು ಸಂಕಟ ಅನ್ನಿಸಿರಲಿಲ್ಲ, ಅಷ್ಟೆ. ಅವನು ಬ್ಯಾಂಡಿನಲ್ಲಿ ಊದುತ್ತಿದ್ದುದು ಸೂಸಫೋನ್. ಅದನ್ನು ಕೈಯಲ್ಲಿ ಹಿಡಿಯುವುದಲ್ಲ, ಅದರೊಳಗೆ ತೂರಿಕೊಳ್ಳುವುದು! ಹಿತ್ತಾಳೆಯ ಹೆಬ್ಬಾವು ಮೈಗೆ ಸುತ್ತಿಕೊಂಡು, ತಲೆಯ ಮೇಲೆ ಬಾಯಿ ಆ ಎಂದು ತೆರೆದು ನಿಂತ ಹಾಗೆ ಇರುತ್ತದೆ. ಮೆರವಣಿಗೆ ಹೊರಟರೆ ಹೆಂಗಸರು ಟ್ರಂಪೆಟ್ಟಿನವನಿಗೆ ಹೂ ಎಸೆಯುತ್ತಾರೆ, ಕ್ಲ್ಯಾರಿನೆಟ್ಟಿನವನಿಗೆ ಮುತ್ತು ಎಸೆಯುತ್ತಾರೆ. ಸೂಸಫೋನಿನ ಬಾಯಿಗೆ ಕಡಲೆಕಾಯಿ ಸಿಪ್ಪೆ ಎಸೆಯುತ್ತಾರೆ. ಕಳೆದ ಕಾರ್ನಿವಲ್ ಮುಗಿದ ಮೇಲೆ ಆಂಬ್ರೋಸ್ ಅದನ್ನು ಬೋರಲು ಹಾಕಿದಾಗ ಎರಡು ಹಿಡಿ ಮಣಿಸರ, ಅರ್ಧ ತಿಂದ ಸ್ಯಾಂಡ್‌ವಿಚ್, ಮಗುವಿನದೊಂದು ಕಾಲುಚೀಲ ಬಿದ್ದಿದ್ದವು.

"ಟ್ರಂಪೆಟ್ಟಿನವರ ಹೆಸರು ವಿಮಾನ ನಿಲ್ದಾಣಕ್ಕಿಡ್ತಾರೆ! ಸೂಸಫೋನಿನವನ ಹೆಸರು ಒಂದು ಬೀದಿ ದೀಪಕ್ಕಾದ್ರೂ ಇದೆಯಾ? ದೊಡ್ಡ ಡೋಲಿನವನ ಹೆಸರು? ಬ್ಯಾಂಜೋದವನದ್ದು? ನಾವು ಕೆಳಗಿಂದ ಎತ್ತಿ ಹಿಡೀದಿದ್ರೆ ಆ ಟ್ರಂಪೆಟ್ಟು ಕುಣಿಯೋದಾದ್ರೂ ಯಾವುದರ ಮೇಲೆ?"

ದೊಡ್ಡ ಡೋಲಿನ ಮಾತು ಬಂದಾಗ ಮಿಸ್ ಆರ್ಮಂಟೀನ್ ತಟ್ಟೆಯಿಂದ ಒಮ್ಮೆ ತಲೆ ಎತ್ತಿದರು. ಮತ್ತೆ ಬಗ್ಗಿಸಿದರು.

ಇದೇ ಭಾಷಣವನ್ನು ಆಂಬ್ರೋಸ್ ಮರುದಿನ ಬ್ಯಾಂಡಿನ ಯಜಮಾನ ಕ್ಲೋವಿಸನ ಮುಂದೆ ಒಪ್ಪಿಸಿದ. ಎರಡು ಮನೆ ಆಚೆ ಇದ್ದ ಕ್ಲೋವಿಸನೇ ಆ ಟ್ರಂಪೆಟ್ಟಿನವನು. ಮೀಸೆಗೆ ಎಣ್ಣೆ, ಮಾತಿಗೆ ಬೆಣ್ಣೆ.

"ಮಾರಾಯ, ನೀನು ಮನೆಯ ಪಾಯ ಇದ್ದ ಹಾಗೆ. ಪಾಯ ಇಲ್ದೆ ಮನೆ ಉಂಟಾ? ಆದ್ರೆ ಮನೆಗೆ ಬಂದ ನೆಂಟರು ಯಾರಾದ್ರೂ 'ಆಹಾ, ಎಂಥಾ ಪಾಯ!' ಅಂದಿದ್ದು ಕೇಳಿದ್ದೀಯಾ?"

"ಒಂದೇ ಒಂದು ಹಾಡು ಕೊಡು ಕ್ಲೋವಿಸ್. ಮೆರವಣಿಗೆಯ ಮೊದಲ್ನೇ ಹಾಡು. ನಾನೊಬ್ಬನೇ."

"ಸೂಸಫೋನ್ ಒಂದೇ? ಜನ ಹಡಗು ಬಂತು ಅಂತ ಬಂದರಿಗೆ ಓಡ್ತಾರೆ!" ಕ್ಲೋವಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಉದಾರಿಯಾದ. "ಆಯ್ತು ಹೋಗು. ನಿನ್ನ ಸೂಸಫೋನ್ ಒಂದನ್ನೇ ಕೇಳಿ ಒಬ್ಬರಾದ್ರೂ ಕಣ್ಣೀರು ಹಾಕಿದ್ದನ್ನ ತೋರಿಸು. ಭಾನುವಾರದ ಮೊದಲ್ನೇ ಹಾಡು ನಿಂದೇ."

ಇಪ್ಪತ್ತು ವರ್ಷ ಇನ್ನೊಬ್ಬರ ಹಾಡಿಗೆ ಬೂಂ ಬೂಂ ಎಂದವನಿಗೆ ಇದಕ್ಕಿಂತ ದೊಡ್ಡ ವರ ಬೇಕೆ? ಆಂಬ್ರೋಸ್ ಎದೆ ಉಬ್ಬಿಸಿಕೊಂಡು ಮನೆಗೆ ಬಂದ.

ಕಣ್ಣೀರು ಬೇಕೆಂದರೆ ಶೋಕದ ಹಾಡೇ ಆಗಬೇಕು. ಶವಪೆಟ್ಟಿಗೆಯ ಹಿಂದೆ ಹೆಜ್ಜೆ ಎಳೆಯುತ್ತ ನುಡಿಸುವ, ಚರ್ಚಿನ ಹಳೆಯ ನಿಧಾನದ ಹಾಡೊಂದನ್ನು ಆರಿಸಿಕೊಂಡ. ಮನೆಯೊಳಗೆ ಊದಲು ವರ್ನೆಲ್ ಬಿಡಲಿಲ್ಲ. ಹಿಂದೊಮ್ಮೆ ಊದಿ ಕಪಾಟಿನ ಗಾಜು ಒಡೆದ ಇತಿಹಾಸವಿತ್ತು. ಹಾಗಾಗಿ ಶನಿವಾರ ಬೆಳಗ್ಗೆ ಅವಳು ಬೆಂಡೆಕಾಯಿ ತರಲು ಮಾರುಕಟ್ಟೆಗೆ ಹೋದದ್ದೇ, ಅವನು ಬೀದಿ ಕಡೆಯ ಜಗಲಿಗೆ ಬಂದ. ಕರಿ ಕೋಟು ಹಾಕಿಕೊಂಡ. ಭಾನುವಾರ ಕೋಟಿನ ಗುಂಡಿ ಉಸಿರು ಕಟ್ಟಿಸಬಾರದಲ್ಲ, ಇವತ್ತೇ ಪರೀಕ್ಷೆ ಆಗಿಬಿಡಲಿ! ಜಗಲಿಯಲ್ಲಿ ಮಿಸ್ ಆರ್ಮಂಟೀನರ ಕುರ್ಚಿ ಅಡ್ಡ ಬಂತು. ನೆಗಡಿ ಹಿಡಿದು ಅವರು ಎರಡು ದಿನದಿಂದ ನಡುಕೋಣೆಯ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಕುರ್ಚಿಯನ್ನು ಬೋರಲು ಮಾಡಿ ಮೂಲೆಗೆ ತಳ್ಳಿದ.

ಈಗ ನೀವೇ ಎದುರು ಮನೆಯ ಯೂಲಾಲಿಯ ಕಣ್ಣಿನಿಂದ ನೋಡಿ. ದಿನಾ ಆ ಕುರ್ಚಿಯಲ್ಲಿ ಕೂತು ಹೋಗಿ ಬರುವವರ ಟೋಪಿಗೂ ನಡತೆಗೂ ತೀರ್ಪು ಕೊಡುತ್ತಿದ್ದ ಮುದುಕಿ ಎರಡು ದಿನದಿಂದ ಕಾಣುತ್ತಿಲ್ಲ. ಕುರ್ಚಿ ಬೋರಲು. ಅಳಿಯ ಕರಿ ಕೋಟಿನಲ್ಲಿ ನಿಂತು ಸಾವಿನ ಹಾಡು ಊದುತ್ತಿದ್ದಾನೆ. ಆ ಕೇರಿಯಲ್ಲಿ ಇದಕ್ಕಿಂತ ಹೆಚ್ಚಿನ ಡಂಗುರ ಬೇಡ.

ಯೂಲಾಲಿ ಒದ್ದೆ ಕೈಯಲ್ಲೇ ಓಡಿ ಬಂದಳು. "ಅಯ್ಯೋ ಆಂಬ್ರೋಸ್! ಹೋಗೇಬಿಟ್ರಾ?"

ಆಂಬ್ರೋಸ್ ಆಗ ಹಾಡಿನ ಅತ್ಯುತ್ತಮ ತಿರುವಿನಲ್ಲಿದ್ದ. ಅಲ್ಲಿ ಬಾಯಿ ತೆಗೆಯುವುದೆಂದರೆ ಕಲೆಗೆ ಬಗೆವ ದ್ರೋಹ. ಅವಳು ಏನು ಕೇಳಿದಳೆಂದು ಅವನಿಗೆ ಕೇಳಿಸಲೂ ಇಲ್ಲ. ಸೂಸಫೋನಿನೊಳಗೆ ಇರುವವನಿಗೆ ಸೂಸಫೋನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕಣ್ಣು ಮುಚ್ಚಿ ಗಂಭೀರವಾಗಿ ತಲೆಯಾಡಿಸಿದ. ಯೂಲಾಲಿ ಗಳಗಳ ಅತ್ತುಬಿಟ್ಟಳು.

ಕಣ್ಣೀರು! ಆಂಬ್ರೋಸನ ಮೈ ಜುಂ ಎಂದಿತು. ಒಂದು ಕಣ್ಣಲ್ಲ, ಎರಡರಲ್ಲೂ! ಇನ್ನಷ್ಟು ಎಳೆದು ಊದಿದ. ಪಕ್ಕದ ಮನೆಯ ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಹಾಗೇ ಎದ್ದು ಬಂದು ಮೂಗು ಸೀಟಿದ. ಬೀದಿ ತುಂಬ ಕರವಸ್ತ್ರ! ಇಷ್ಟು ಸುಲಭವಿತ್ತೇ? ತನ್ನ ಕಲೆಯನ್ನು ಇಷ್ಟು ವರ್ಷ ಟ್ರಂಪೆಟ್ಟಿನ ನೆರಳಲ್ಲಿ ಕೊಳೆಸಿದೆನಲ್ಲ ಎಂದು ನೆನೆದು ಆಂಬ್ರೋಸನಿಗೇ ಅಳು ಬಂತು. ಅವನ ಕೆನ್ನೆ ಒದ್ದೆಯಾದದ್ದನ್ನು ನೋಡಿ ಜನ ಇನ್ನೂ ಅತ್ತರು.

ಅಷ್ಟರಲ್ಲಿ ಕ್ಲೋವಿಸ್ ಬಂದ. ಅವನ ಮೀಸೆಯೇ ಜೋತುಬಿದ್ದಿತ್ತು. ಬ್ಯಾಂಡಿನವರೆಲ್ಲ ವಾದ್ಯ ಹಿಡಿದು ಹಿಂದಿದ್ದರು.

"ಆಂಬ್ರೋಸ್, ನನ್ನ ಕ್ಷಮಿಸಪ್ಪಾ," ಎಂದು ಸೂಸಫೋನಿನ ಸಮೇತ ತಬ್ಬಿಕೊಂಡ. "ಇದರಲ್ಲಿ ಇಷ್ಟೊಂದು ನೋವಿದೆ ಅಂತ ಗೊತ್ತಿರಲಿಲ್ಲ ಕಣೋ. ನಾಳೆ ಮೊದಲ್ನೇ ಹಾಡು ನಿಂದೇ. ಕೇಳ್ರಪ್ಪಾ ಎಲ್ರೂ, ನಿಂದೇ!"

ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಆಗ ಯೂಲಾಲಿ ಎರಡೂ ಕೈಯಲ್ಲಿ ಹೊಗೆಯಾಡುವ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿದಳು. "ಸೀಗಡಿ ಹಾಕಿದ ಗಂಬೋ ಸಾರು. ಪಾಪ, ಮಿಸ್ ಆರ್ಮಂಟೀನ್‌ಗೆ ಪ್ರಾಣ ಆಗಿತ್ತು ಇದು. ಮಲಗಿದ್ದಲ್ಲೇ ಹೋದ್ರಾ? ಮುಖ ಶಾಂತವಾಗಿದೆಯಾ?"

ಆಂಬ್ರೋಸನ ತುಟಿಯಿಂದ ಬೂಂ ಎಂದು ಕೊನೆಯದೊಂದು ಸ್ವರ ತಾನಾಗಿ ಬಿತ್ತು. ಕರಿ ಕೋಟು. ಕುರ್ಚಿ. ಹಾಡು. ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು.

ನಿಜ ಹೇಳಬೇಕಿತ್ತು. ಯಾವ ಮರ್ಯಾದಸ್ಥನೂ ಆ ಗಳಿಗೆಯಲ್ಲಿ ನಿಜವನ್ನೇ ಹೇಳುತ್ತಾನೆ. ಆದರೆ ಹೇಳಿದರೆ ಹಾಡು ಹೋಯಿತು! ಜನ ಅತ್ತಿದ್ದು ಅತ್ತೆಗೆ, ಸೂಸಫೋನಿಗಲ್ಲ ಎಂದು ಕ್ಲೋವಿಸ್ ಅಲ್ಲೇ ಕೈ ಕೊಡವುತ್ತಾನೆ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳೋಣ ಎಂದುಕೊಂಡ. ಪ್ರಪಂಚದ ಅನರ್ಥಗಳಲ್ಲಿ ಮುಕ್ಕಾಲು ಪಾಲು ಈ 'ಸ್ವಲ್ಪ ಹೊತ್ತು ಬಿಟ್ಟು' ಎಂಬುದರಿಂದಲೇ ಹುಟ್ಟಿದವು.

"ಸರಿ, ದಾರಿ ಬಿಡು. ಪಾತ್ರೆ ಅಡುಗೆಮನೇಲಿ ಇಡ್ತೀನಿ," ಎಂದಳು ಯೂಲಾಲಿ. ಅವಳ ಹಿಂದೆ ಇನ್ನೂ ಐದಾರು ಪಾತ್ರೆಗಳು ಸಾಲುಗಟ್ಟಿದ್ದವು.

ಆ ಕೇರಿಯ ಮನೆಗಳು ರೈಲಿನ ಡಬ್ಬಿಯ ಹಾಗೆ, ಒಂದರ ಹಿಂದೆ ಒಂದು ಕೋಣೆ. ಅಡುಗೆಮನೆಗೆ ಹೋಗಬೇಕಾದರೆ ನಡುಕೋಣೆ ಹಾಯಲೇಬೇಕು. ನಡುಕೋಣೆಯಲ್ಲಿ 'ತೀರಿಕೊಂಡವರು' ಗೊರಕೆ ಹೊಡೆಯುತ್ತಿದ್ದರು!

"ಒಳಗೆ ಬೇಡ!" ಎಂದು ಕೂಗಿ ಆಂಬ್ರೋಸ್ ಬಾಗಿಲಿಗೆ ನುಗ್ಗಿದ, ಅಡ್ಡ ನಿಲ್ಲೋಣವೆಂದು. ಮೈ ಮೇಲೆ ಸೂಸಫೋನ್ ಇದ್ದದ್ದು ಮರೆತೇಹೋಗಿತ್ತು. ಅದರ ಬಾಯಿ ಬಾಗಿಲ ಚೌಕಟ್ಟಿಗೆ ಢಣ್ಣೆಂದು ಬಡಿದು ಗಟ್ಟಿಯಾಗಿ ಕಚ್ಚಿಕೊಂಡಿತು. ಈಗ ಅವನು ಒಳಗೂ ಇಲ್ಲ, ಹೊರಗೂ ಇಲ್ಲ. ಹಿಂದಕ್ಕೆ ಎಳೆದರೆ ಬರಲಿಲ್ಲ. ಮುಂದಕ್ಕೆ ನೂಕಿದರೆ ಹೋಗಲಿಲ್ಲ.

"ಅಂತಿಮ ದರ್ಶನಕ್ಕೂ ಬಿಡ್ತಿಲ್ಲ ನೋಡ್ರೀ," ಎಂದ ಅರ್ಧ ಗಡ್ಡದವನು. "ಬದುಕಿದ್ದಾಗ ಇಬ್ರೂ ಹಾವು ಮುಂಗುಸಿ. ಈಗ ನೋಡಿ ಎಂಥಾ ಪ್ರೀತಿ!"

ಸರಿಯಾಗಿ ಆಗಲೇ ವರ್ನೆಲ್ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಮನೆಯ ಮುಂದೆ ಜನ, ಬ್ಯಾಂಡು, ಕರವಸ್ತ್ರ. ಬಾಗಿಲಲ್ಲಿ ಕರಿ ಕೋಟಿನ ಗಂಡ. ಚೀಲ ಕೈಯಿಂದ ಜಾರಿ ಬೆಂಡೆಕಾಯಿ ಬೀದಿ ತುಂಬ ಉರುಳಿತು.

"ಅಮ್ಮಾ!"

ಆ ಕೂಗು ಕೇಳಿ ಆಂಬ್ರೋಸನಿಗೆ ಹಾಡೂ ಬೇಡ, ಮೆರವಣಿಗೆಯೂ ಬೇಡ ಅನ್ನಿಸಿತು.

"ವರ್ನೆಲ್! ಅಳಬೇಡ ಕಣೇ! ನಿಮ್ಮಮ್ಮ ಬದುಕಿದಾರೆ!"

ಯೂಲಾಲಿ ಪಾತ್ರೆ ಕೆಳಗಿಟ್ಟು ಅವನ ತೋಳು ಸವರಿದಳು. "ಮೊದಮೊದಲು ಎಲ್ರಿಗೂ ಹಾಗೇ ಅನ್ಸುತ್ತೆ ಕಣಪ್ಪಾ. ನಮ್ಮ ಯಜಮಾನ್ರು ಹೋದಾಗ ನಾನೂ ಒಂದು ವಾರ ಅವರಿಗೆ ಕಾಫಿ ಸೋಸಿ ಇಡ್ತಿದ್ದೆ."

"ಇಲ್ಲಾ ಮಾರಾಯ್ತಿ, ನಿಜವಾಗ್ಲೂ ಬದುಕಿದಾರೆ! ನೆಗಡಿ ಅಷ್ಟೇ! ಒಳಗೆ ಗೊರಕೆ ಹೊಡೀತಿದಾರೆ!"

"ಪಾಪ, ತಲೆಗೆ ಹತ್ತಿಬಿಟ್ಟಿದೆ," ಎಂದ ಕ್ಲೋವಿಸ್. ಬ್ಯಾಂಡಿನವರತ್ತ ತಿರುಗಿ ಸನ್ನೆ ಮಾಡಿದ. ಸಮಾಧಾನಕ್ಕೆಂದು ಅವರು ಅದೇ ಶೋಕದ ಹಾಡನ್ನು ಎತ್ತಿಕೊಂಡರು. ಸತ್ಯ ಅದರಡಿ ಹೂತುಹೋಯಿತು.

ಇತ್ತ ನಡುಕೋಣೆಯಲ್ಲಿ ಮಿಸ್ ಆರ್ಮಂಟೀನರಿಗೆ ಬ್ಯಾಂಡಿನ ಸದ್ದಿಗೆ ಎಚ್ಚರವಾಯಿತು. ಮುಂಬಾಗಿಲಿನಲ್ಲಿ ಅಳಿಯನ ಬೆನ್ನು ಬೆಣೆ ಹೊಡೆದಂತೆ ನಿಂತಿತ್ತು. ಅವರು ಕೂದಲಿಗೆ ಸುತ್ತಿದ ಸುರುಳಿ ಕೊಳವೆಗಳ ಸಮೇತ, ಚಪ್ಪಲಿ ಎಳೆದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟು, ಓಣಿ ಬಳಸಿ ಬೀದಿಗೆ ಬಂದು ಗುಂಪಿನ ಹಿಂದೆ ನಿಂತರು. ಶವಯಾತ್ರೆಯ ಊಟ ತಪ್ಪಿಸಿಕೊಳ್ಳುವ ಹೆಂಗಸಲ್ಲ ಅವರು.

"ಯಾರಪ್ಪಾ ಹೋಗಿದ್ದು?" ಎಂದು ಮುಂದಿದ್ದ ಅರ್ಧ ಗಡ್ಡದವನನ್ನು ಕೇಳಿದರು.

"ಮಿಸ್ ಆರ್ಮಂಟೀನ್," ಎಂದ ಅವನು, ತಿರುಗದೆ, ಮೂಗೊರೆಸಿಕೊಳ್ಳುತ್ತ.

ಮಿಸ್ ಆರ್ಮಂಟೀನ್ ಒಂದು ಗಳಿಗೆ ಯೋಚಿಸಿದರು. ಅವಸರವೇನೂ ಇರಲಿಲ್ಲ. "ಒಳ್ಳೇ ಹೆಂಗಸಾ?"

"ದೇವತೆ! ಕೇರಿಯ ಕಣ್ಣು!"

"ಅಡುಗೆ?"

"ಅದನ್ನ ಕೇಳ್ಬೇಡಿ, ಅಮೃತ!"

"ಇನ್ನೂ ಹೇಳಪ್ಪಾ, ನಿಲ್ಲಿಸಬೇಡ."

"ಒಂದೇ ಒಂದು," ಎಂದು ಅವನು ದನಿ ತಗ್ಗಿಸಿದ. "ಬಾಯಿ ಸ್ವಲ್ಪ ಜೋರು. ಹರಿತ ಅಂದ್ರೆ, ಕ್ಷೌರದಂಗಡಿ ಕತ್ತಿ ಏನೂ ಅಲ್ಲ."

"ಯಾರದೋ ಬಾಯಿ ಜೋರು? ಅರ್ಧ ಗಡ್ಡ ಬೋಳಿಸ್ಕೊಂಡು ಬೀದೀಲಿ ನಿಂತಿರೋ ಕೋಡಂಗಿ!"

ಬ್ಯಾಂಡು ನಿಂತಿತು. ಆ ದನಿಗೆ ಇಡೀ ಟ್ರಮೇಯಲ್ಲಿ ನಕಲು ಇರಲಿಲ್ಲ. ಕ್ಷೌರದ ಗಿರಾಕಿ ನಿಂತಲ್ಲೇ ಕುಸಿದ. ವರ್ನೆಲ್ ಅಳುತ್ತ, ನಗುತ್ತ ಓಡಿ ಬಂದು ತಾಯಿಯನ್ನು ಅಪ್ಪಿಕೊಂಡಳು. ಮೂವರು ಸೇರಿ ಆಂಬ್ರೋಸನನ್ನು ಬಾಗಿಲಿನಿಂದ ಕಿತ್ತರು. ಸೂಸಫೋನಿನ ಅಂಚು ಒಂದು ಕಡೆ ರೊಟ್ಟಿಯ ಹಾಗೆ ಮಡಚಿಹೋಗಿತ್ತು.

ಸಂಭ್ರಮ ಒಂದಿಷ್ಟು ಇಳಿದ ಮೇಲೆ ಕ್ಲೋವಿಸ್ ಮೀಸೆ ನೇರ ಮಾಡಿಕೊಂಡ. "ಹಾಗಾದ್ರೆ ಒಪ್ಪಂದ ರದ್ದು ಮಾರಾಯ. ಇವರೆಲ್ಲ ಅತ್ತಿದ್ದು ಸತ್ತವರಿಗೆ. ಬರೀ ಸೂಸಫೋನಿಗೆ ಅತ್ತವರು ಯಾರಿದ್ದಾರೆ ತೋರಿಸು!"

ಆಂಬ್ರೋಸ್ ಸುತ್ತ ನೋಡಿದ. ಎಲ್ಲರೂ ಗಂಬೋ ಬಡಿಸಿಕೊಳ್ಳುವುದರಲ್ಲಿದ್ದರು. ಅವನು ಸೂಸಫೋನಿನ ಮಡಿಕೆ ಸವರುತ್ತ ತಲೆ ತಗ್ಗಿಸಿದ.

"ಏಯ್ ಕ್ಲೋವಿಸ್," ಎಂದರು ಮಿಸ್ ಆರ್ಮಂಟೀನ್. ಬೋರಲು ಬಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂತಾಗಿತ್ತು. "ನಾನು ಸತ್ತಿಲ್ಲ ಅಂತ ಈ ಬೀದೀಲಿ ಖಂಡಿತವಾಗಿ ಗೊತ್ತಿದ್ದಿದ್ದು ಯಾರಿಗೆ?"

"ನಿಮಗೇ."

"ಬೆಳಗ್ಗೆ ಇವನು ಶುರು ಮಾಡಿದಾಗ ಬೈಯೋಣ ಅಂತ ಎದ್ದೆ. ಚಪ್ಪಲೀಲಿ ಕಾಲೂ ಇಟ್ಟೆ. ಆಮೇಲೆ ಹಾಗೇ ಹಾಸಿಗೆ ಮೇಲೆ ಕೂತೆ. ನಮ್ಮೆಜಮಾನ್ರು ನಲವತ್ತು ವರ್ಷ ನಿಮ್ಮಪ್ಪನ ಟ್ರಂಪೆಟ್ಟಿನ ಹಿಂದೆ ದೊಡ್ಡ ಡೋಲು ಹೊಡೆದ್ರು. ಒಬ್ರೂ ಅವರ ಒಂದು ಫೋಟೋ ತೆಗೀಲಿಲ್ಲ." ಅವರು ಮೂಗು ಒರೆಸಿಕೊಂಡರು. "ದಿಂಬು ಒದ್ದೆಯಾಯ್ತು. ಮಲಗಿಬಿಟ್ಟೆ. ನೆಗಡಿ ಅಂತ ಇಟ್ಕೊ ಬೇಕಾದ್ರೆ."

ಆಂಬ್ರೋಸ್ ಬಾಯಿ ತೆರೆದ. "ಮಿಸ್ ಆರ್ಮಂಟೀನ್..."

"ಸುಮ್ನಿರು! ಎರಡನೇ ಸಲ ಹೇಳಲ್ಲ. ಗಂಬೋ ಯಾರು ತಂದಿದ್ದು? ಉಪ್ಪು ಕಮ್ಮಿ!"

ಕ್ಲೋವಿಸನಿಗೆ ಬೇರೆ ದಾರಿ ಉಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಮೆರವಣಿಗೆ ಆಂಬ್ರೋಸನ ಮನೆಯ ಮುಂದಿನ ತಿರುವಿನಿಂದಲೇ ಹೊರಟಿತು. ಎರಡೂ ಬದಿಯಲ್ಲಿ ಬಣ್ಣದ ಕೊಡೆಗಳು, ಕಿಕ್ಕಿರಿದ ಜನ. ಟ್ರಂಪೆಟ್ಟು ಪಕ್ಕಕ್ಕೆ ಸರಿಯಿತು. ಆಂಬ್ರೋಸ್ ಒಬ್ಬನೇ ಮುಂದೆ ಬಂದು, ಎದೆ ತುಂಬ ಉಸಿರೆಳೆದು, ಆ ನಿಧಾನದ ಹಾಡಿನ ಮೊದಲ ಸ್ವರ ಹಿಡಿದ. ಮಡಚಿದ ಅಂಚಿನಿಂದಲೇ ಎಂಬಂತೆ ಅದು ಇನ್ನೂ ಆಳವಾಗಿ ಬಂತು. ಬೀದಿ ಸ್ತಬ್ಧವಾಯಿತು. ಅವನು ಕಣ್ಣು ಮುಚ್ಚಿದ. ಈಗ, ಇಪ್ಪತ್ತು ವರ್ಷದ ಮೇಲೆ, ಇಡೀ ಕೇರಿ ತಿರುಗಿ ನೋಡುತ್ತದೆ!

ಇಡೀ ಕೇರಿ ತಿರುಗಿ ನೋಡಿತು. ಒಬ್ಬರೂ ಬಿಡದೆ, ಒಟ್ಟಿಗೆ, ಗಾಬರಿಯಿಂದ, ಜಗಲಿಯ ಮೇಲಿನ ಕುರ್ಚಿಯ ಕಡೆಗೆ.

ಕುರ್ಚಿಯಲ್ಲಿ ಮಿಸ್ ಆರ್ಮಂಟೀನ್ ನೇರಳೆ ಟೋಪಿ ಇಟ್ಟು, ಮಹಾರಾಣಿಯ ಹಾಗೆ ಕೊಡೆ ಎತ್ತಿ ಜನರತ್ತ ಬೀಸಿದರು.

"ಇದ್ದೀನಿ ಕಣ್ರೋ, ಇನ್ನೂ ಇದ್ದೀನಿ! ನೀನು ಊದಪ್ಪಾ!"