ಮ್ಯೂಸ್ಲಿ ಡಬ್ಬ ಖಾಲಿಯಾಗುವವರೆಗೆ

ಬೇರೆಯವರ ಹೆಂಡತಿ ಊರಿಗೆ ಹೋದರೆ ಗಂಡ ಹೋಟೆಲಿನಲ್ಲಿ ತಿಂದುಕೊಂಡು ಹಾಯಾಗಿರುತ್ತಾನೆ. ನನ್ನ ಪಾಲಿಗೆ ಮಾತ್ರ ಯಾವುದೂ ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ಅಳತೆ

ಹುಣಸೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ಮಗಳ ಬಾಣಂತನಕ್ಕೆಂದು ನನ್ನವಳು ಹಂಪಾಪುರಕ್ಕೆ ಹೊರಟಳು. ಹೊರಡುವ ಮುನ್ನ ಮೊಬೈಲ್ ನೋಡಿಕೊಂಡು ಓಟ್ಸ್, ಗಟ್ಟಿ ಅವಲಕ್ಕಿ, ಕಡಲೆಬೀಜ, ಕುಂಬಳಬೀಜ ಹುರಿದು, ಒಣದ್ರಾಕ್ಷಿ ಬೆರೆಸಿ ದೊಡ್ಡ ಡಬ್ಬದ ತುಂಬ ತುಂಬಿಟ್ಟಳು.

"ಇದು ಮ್ಯೂಸ್ಲಿ ಕಣ್ರೀ. ಬೆಳಿಗ್ಗೆ ಹಾಲಾಕ್ಕೊಂಡು ಮೂರು ಚಮಚ ತಿನ್ನಿ, ಶುಗರ್ ಏರಲ್ಲ. ಡಬ್ಬ ಖಾಲಿ ಆಗೋ ಒತ್ಗೆ ಬಂದ್‌ಬುಡ್ತೀನಿ."

ಮೂವತ್ತು ವರ್ಷದಿಂದ ಅವಳು ರೊಟ್ಟಿ ತಟ್ಟುವ ಸದ್ದಿಗೆ ಏಳುತ್ತಿದ್ದವನು ನಾನು. ಈಗ ಮನೆಯಲ್ಲಿ ನಾನು ಅಗಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ನಾಲ್ಕನೇ ದಿನ ತಡೆಯಲಾರದೆ ಅಳತೆ ಟೇಪನ್ನು ಡಬ್ಬದೊಳಗೆ ಇಳಿಸಿದೆ. ಇಳಿದದ್ದು ಅರ್ಧ ಇಂಚು, ಉಳಿದದ್ದು ಹತ್ತೂವರೆ. ಅಂದಿನಿಂದ ಮೂರು ಹೊತ್ತೂ ಮ್ಯೂಸ್ಲಿಯೇ. ಮಧ್ಯಾಹ್ನದ ಪಾಲಿಗೆ ಉಪ್ಸಾರು ಸುರಿದುಕೊಂಡೆ.

ಮಿಲ್ಲು

ಆದರೂ ಡಬ್ಬ ಬೇಗ ಇಳಿಯಲಿಲ್ಲ. ಎದುರುಮನೆಯಾಕೆಯನ್ನು ಕರೆದು, "ಇದನ್ನ ತಗೊಂಡೋಗವ್ವ, ಅರ್ಧ ನೀವು ಇಟ್ಕೊಳ್ಳಿ" ಎಂದು ಡಬ್ಬವನ್ನೇ ಕೊಟ್ಟೆ. ಸಂಜೆ ವಾಪಸ್ ಬಂತು. ಕಂಠಮಟ್ಟ ಹಿಟ್ಟು!

"ಅಕ್ಕ ಊರಿಗೋಗೋ ಆತುರ್ದಲ್ಲಿ ಉರುದಿಟ್ಟು ಮಿಲ್ಲಿಗಾಕ್ಸೋದು ಮರ್ತವ್ರೆ ಕಣಣ್ಣ. ನಾನೇ ಆಕ್ಸ್ದೆ. ಡಬ್ಬ ತುಂಬ್ಲಿಲ್ಲ ಅಂತ ಎರಡು ಸೇರು ರಾಗಿನೂ ಸೇರಿಸ್ದೆ."

ಹುರಿದ ಕಾಳು ಹಿಟ್ಟಾಗದೆ ಉಳಿಯುವುದು ನಮ್ಮ ಬೀದಿಯಲ್ಲಿ ಯಾರೂ ಕಂಡಿದ್ದಲ್ಲ. ಮರುದಿನ ಮಿಲ್ಲಿನವನು ಅಂಗಡಿಗೇ ಬಂದ.

"ಟೈಲರಣ್ಣ, ನಿಮ್ ದ್ರಾಕ್ಷಿ ಕಲ್ಲಿಗೆ ಮೆತ್ಕೊಂಡು ಊರೋರ ಮುದ್ದೆಯೆಲ್ಲ ಸಿಹಿ ಆಗೋಯ್ತು!"

ಗಂಜಿ

ಹಿಟ್ಟನ್ನು ಮುಗಿಸಬೇಕಲ್ಲ. ಅಂಗಡಿಗೆ ಬಂದವರಿಗೆಲ್ಲ ಗಂಜಿ ಕಾಯಿಸಿ ಕೊಡತೊಡಗಿದೆ. ಗುಂಡಿ ಹಾಕಿಸಲು ಬಂದವರೂ ಒಂದು ಲೋಟ ಕುಡಿದೇ ಹೋಗಬೇಕು. ಮೂರನೇ ಸಲ ಲೋಟ ಹಿಡಿದ ಹಳೇ ಗಿರಾಕಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ನಮ್ಮ ಹತ್ರ ಮುಚ್ಚುಮರೆ ಯಾಕೆ? ಯಾವ ವಾರ್ಡಿಗೆ ನಿಂತ್ಕತಿದ್ದೀರಿ?"

ಫೋನು

ಅಂತೂ ತಿಂಗಳು ಕಳೆಯುವುದರೊಳಗೆ ಡಬ್ಬದ ತಳ ಕಂಡಿತು. ಕೂಡಲೇ ಫೋನ್ ಮಾಡಿದೆ.

"ಖಾಲಿ ಆಯ್ತು ಕಣೆ."

"ಅಷ್ಟು ಬೇಗ್ನೆ? ಅಷ್ಟು ಇಷ್ಟ ಆಯ್ತಾ!" ಎಂದು ಹಿಗ್ಗಿ ಫೋನಿಟ್ಟಳು. ಬರುತ್ತೇನೆ ಎನ್ನಲಿಲ್ಲ, ಆದರೂ ಕೊಟ್ಟ ಮಾತಿತ್ತಲ್ಲ. ಮನೆ ಗುಡಿಸಿ, ಹಾಸಿಗೆ ಹೊದಿಕೆ ಬದಲಿಸಿ, ಮರುದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಕಾದೆ. ಹಂಪಾಪುರದ ಬಸ್ಸಿನಿಂದ ಇಳಿದವರೆಲ್ಲ ಹೋದರು. ಕೊನೆಗೆ ಕಂಡಕ್ಟರ್ ಬಂದು, "ನಿಮ್ಮನೆಯೋರು ಕೊಟ್ಟವ್ರೆ" ಎಂದು ಮೊದಲಿನದಕ್ಕಿಂತ ದೊಡ್ಡ ಡಬ್ಬವನ್ನು ಕೈಗಿಟ್ಟ. ಅಲ್ಲೇ ಅಳು ಬರುವಂತಾಯಿತು. ಡಬ್ಬ ತಬ್ಬಿಕೊಂಡು ಅದೇ ಬಸ್ ಹತ್ತಿಬಿಟ್ಟೆ.

ಹಂಪಾಪುರದಲ್ಲಿ ಬಾಗಿಲು ತೆರೆದವಳು ಗಾಬರಿಯಾದಳು. "ಯಾಕ್ ವಾಪಸ್ ತಂದ್ರಿ? ಸೀದೋಗಿತ್ತಾ?"

"ಮ್ಯೂಸ್ಲಿ ಚೆನ್ನಾಗೇ ಅದೆ. ನೀನಿಲ್ದೆ ಮನೇಲಿ ಇರಕ್ಕಾಯ್ತಿಲ್ಲ ಕಣೆ."

ಮದುವೆಯಾದಾಗಿನಿಂದ ಅಂಥ ಮಾತು ಆಡಿದವನಲ್ಲ. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ತೊಟ್ಟಿಲಲ್ಲಿದ್ದ ಮೊಮ್ಮಗು ಬೆಚ್ಚುವಂತೆ ಗದರಿದಳು:

"ಇದನ್ನ ಫೋನಲ್ಲೇ ಏಳಿದ್ರೆ ಬಂದ್‌ಬುಡ್ತಿದ್ನಲ್ರೀ! ಮಗಳು ಎದ್ದು ಓಡಾಡಿ ವಾರ ಆಯ್ತು. ನೀವು ಆಸೆಪಟ್ಟು ತಿಂತಿದ್ದೀರಿ ಅಂತ, ಇನ್ನೊಂದು ಡಬ್ಬ ಉರಿಯಕ್ಕೇ ಉಳ್ಕೊಂಡಿದ್ದೆ!"