ಒಂದು ಸೋಮವಾರದ ಪ್ರಾತ್ಯಕ್ಷಿಕೆ

ನಾನು ಹುಟ್ಟಿದ್ದು ರೋಣದಲ್ಲಿ, ಹೆಣ್ಣು ತಂದದ್ದು ನರಗುಂದದಿಂದ, ಪಾಠ ಹೇಳುವುದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಹೀಗಾಗಿ ಗಜೇಂದ್ರಗಡದ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಕಾಲೇಜು ತಾಂತ್ರಿಕ ಶಿಬಿರ ನಡೆಸುತ್ತದೆ ಎಂದಾಗ, ಅದರ ಹೊಣೆ ಹೊರಲು ನನಗಿಂತ ಯೋಗ್ಯರು ಸಿಗಲಾರರು ಎಂಬ ಅಭಿಪ್ರಾಯ ಸಭೆಯಲ್ಲಿ ವ್ಯಕ್ತವಾಯಿತು. ವ್ಯಕ್ತಪಡಿಸಿದವನು ನಾನೇ!

"ಆ ಕಡೆ ಮಂದಿ, ಮಣ್ಣು, ರೀತಿ ರಿವಾಜು ಎಲ್ಲಾ ನನಗ ಗೊತ್ತೈತ್ರಿ. ನೀವು ಬರೇ ಹೂಂ ಅನ್ರಿ, ಉಳದದ್ದು ನನಗ ಬಿಡ್ರಿ," ಎಂದು ಎದೆ ತಟ್ಟಿಕೊಂಡೆ.

ಎಲ್ಲರೂ ಹೂಂ ಎಂದರು. ಉಳಿದದ್ದನ್ನು ನನಗೇ ಬಿಟ್ಟರು. ಅಷ್ಟು ಬೇಗ ಒಂದು ವಿಷಯಕ್ಕೆ ನಮ್ಮ ವಿಭಾಗ ಒಪ್ಪಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆಗಲೇ ಸಂಶಯ ಬರಬೇಕಿತ್ತು.

ಶಿಬಿರ ಪುರ್ತಗೇರಿಯಲ್ಲಿ. ಅಲ್ಲಿನ ಮುಖ್ಯ ಆಕರ್ಷಣೆ ನಮ್ಮ ಕೊನೆಯ ವರ್ಷದ ವಿದ್ಯಾರ್ಥಿನಿ ವಿಜಯಲಕ್ಷ್ಮಿ ಮತ್ತು ಅವಳ ಗೆಳತಿಯರು ಮಾಡಿದ ಎತ್ತಿನಿಂದ ಎಳೆಸಿ ಬೀಜ ಬಿತ್ತುವ ಹೊಸ ಬಗೆಯ ಕೂರಿಗೆ. ವಿಜಯಲಕ್ಷ್ಮಿ ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ತಾಯಿ ಮಗ್ಗದಲ್ಲಿ ಕೂತು ಸೀರೆಯ ಎಳೆಗಳನ್ನು ಒಂದೇ ಸಮ ಕೂಡಿಸುವುದನ್ನು ನೋಡುತ್ತಾ ಬೆಳೆದವಳು. ಬಿತ್ತುವಾಗ ಕಾಳುಗಳೂ ಹಾಗೇ ಸಮ ಅಂತರದಲ್ಲಿ ಯಾಕೆ ಬೀಳಬಾರದು ಎಂದು ಅವಳಿಗೆ ಅನ್ನಿಸಿತಂತೆ. ಕೂರಿಗೆಗೆ ಒಂದು ಗಾಲಿ ಕೂಡಿಸಿ, ಗಾಲಿ ತಿರುಗಿದಂತೆ ಬಟ್ಟಲಿನಿಂದ ಜೋಳದ ಕಾಳು ತಾನಾಗಿ ಇಳಿಯುವ ಏರ್ಪಾಡು ಮಾಡಿದ್ದಳು. ಕೂರಿಗೆಯ ಹಿಂದೆ ದಿನವಿಡೀ ಬಾಗಿ ನಡೆದು ಬೀಜ ಬಿಡುವ ಹೆಂಗಸರ ಬೆನ್ನು ಉಳಿಸುವ ಯಂತ್ರ. ನನಗೆ ಆ ಯಂತ್ರದ ಮೇಲೆ ಅಭಿಮಾನ, ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು.

ವಿಶ್ವವಿದ್ಯಾಲಯದಿಂದ ಪರೀಕ್ಷಕಿಯೊಬ್ಬರು ಬಂದು, ಹೊಲದಲ್ಲಿ ಅದು ನಡೆಯುವುದನ್ನು ಕಣ್ಣಾರೆ ನೋಡಿ ಒಪ್ಪಿದರೆ ರಾಜ್ಯಮಟ್ಟದ ಪ್ರದರ್ಶನಕ್ಕೆ ಆಯ್ಕೆ. ಅವರು ಬರುವುದು ಒಂದೇ ಸಲ. ಹುಡುಗಿಯರಿಗೂ ಇದೇ ಕೊನೆಯ ವರ್ಷ. ತಪ್ಪಿದರೆ ತಪ್ಪಿತು.

ಯಾವ ದಿನ ಬರಲಿ ಎಂದು ಪರೀಕ್ಷಕಿ ಫೋನಿನಲ್ಲಿ ನನ್ನನ್ನೇ ಕೇಳಿದರು. ನಾನು ಮಳೆಯ ಮುನ್ಸೂಚನೆ ನೋಡಿ, ಎರೆ ಭೂಮಿ ಬಿತ್ತನೆಯ ಹದಕ್ಕೆ ಬರುವ ದಿನವನ್ನು ಸಂಪೂರ್ಣ ವೈಜ್ಞಾನಿಕವಾಗಿ ಲೆಕ್ಕ ಹಾಕಿ, "ಸೋಮವಾರ ಬನ್ನಿ ಮೇಡಂ," ಎಂದೆ.

ನಮ್ಮ ಕಡೆಯ ರೈತರು ಈ ಸಾಲು ಓದಿ ಈಗಾಗಲೇ ನಗುತ್ತಿರಬಹುದು. ನಗಲಿ. ಉಳಿದವರು ಸ್ವಲ್ಪ ತಡೆದುಕೊಳ್ಳಬೇಕು.

ಭಾನುವಾರ ಸಂಜೆ ಕಳಕಪ್ಪನವರ ಮನೆಗೆ ಹೋದೆ. ಪ್ರಾತ್ಯಕ್ಷಿಕೆಗೆ ಹೊಲ ಕೊಟ್ಟವರು ಅವರು. ಎತ್ತುಗಳೂ ಅವರವೇ.

"ನಾಳೆ ಎತ್ತು ಇರ್ತಾವಲ್ರಿ?" ಎಂದು ಕೇಳಿದೆ.

"ಇರ್ತಾವ್ರಿ. ಅವು ಎಲ್ಲಿ ಹೊಕ್ಕಾವ?"

"ದೊಡ್ಡ ಮೇಡಂ ಬರ್ತಾರ. ಎತ್ತು ಚಂದ ಕಾಣಬೇಕು."

"ಮೈ ತೊಳದು, ಕೋಡಿಗೆ ಬಣ್ಣಾ ಹಚ್ಚಿ ನಿಲ್ಲಸ್ತೀನಿ ತಗೋರಿ."

ಇಬ್ಬರಿಗೂ ಪೂರ್ಣ ತೃಪ್ತಿಯಾಯಿತು. ಚಹಾ ಕುಡಿದು ಎದ್ದೆ.

ಮರುದಿನ ಹೊಲದ ಬದುವಿನಲ್ಲಿ ಊರೇ ನೆರೆದಿತ್ತು. 'ರೈತರ ಹೊಲಕ್ಕೆ ತಂತ್ರಜ್ಞಾನ' ಎಂಬ ಬ್ಯಾನರು, ಅದರಲ್ಲಿ ವಿದ್ಯಾರ್ಥಿನಿಯರ ಸಣ್ಣ ಫೋಟೋಗಳು, ನನ್ನ ದೊಡ್ಡ ಫೋಟೋ. ಕಳಕಪ್ಪನವರ ಎತ್ತುಗಳು ಮದುಮಕ್ಕಳ ಹಾಗೆ ಮಿಂಚುತ್ತಿದ್ದವು. ಪರೀಕ್ಷಕಿ ಕಾರಿನಿಂದ ಇಳಿದರು. ಎತ್ತುಗಳ ಹಣೆಗೆ ಕುಂಕುಮ, ಕೂರಿಗೆಗೆ ಪೂಜೆ, ಎಲ್ಲ ಕ್ರಮಬದ್ಧವಾಗಿ ನಡೆಯಿತು. ನಾನು ಗಂಟಲು ಸರಿಪಡಿಸಿಕೊಂಡು ಕೈ ಎತ್ತಿದೆ.

"ಹೂಡ್ರಿ ಕಳಕಪ್ಪನವರ!"

ಯಾರೂ ಅಲುಗಾಡಲಿಲ್ಲ. ಎತ್ತುಗಳೂ!

"ಇವತ್ತ ಸೋಮವಾರರಿ," ಎಂದರು ಕಳಕಪ್ಪನವರು.

"ಹೌದ್ರಿ?"

"ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗಾ ಇಡೂದಿಲ್ಲ. ನಿನ್ನೆ ನಿಲ್ಲಸ್ತೀನಿ ಅಂದಿದ್ದೆ, ಹೂಡ್ತೀನಿ ಅಂದಿದ್ದಿಲ್ಲರಿ." ಆಮೇಲೆ ದನಿ ತಗ್ಗಿಸಿ, ನನ್ನ ಮರ್ಯಾದೆ ಉಳಿಸುವಂತೆ ಕೇಳಿದರು, "ನೀವು ರೋಣದಾವ್ರು ಅಂದಿದ್ರಲ್ಲರಿ?"

ಅಕ್ಷರ ಕಲಿಯುವ ಮೊದಲೇ ನಾನು ಕಲಿತ ಮಾತಿದು. ನಮ್ಮಜ್ಜ ಮಳೆ ಹದ ತಪ್ಪಿದರೂ ಸೋಮವಾರ ಎತ್ತು ಹೂಡಿದವನಲ್ಲ. ಆದರೆ ಕಾಲೇಜಿಗೆ ಸೇರಿದ ಮೇಲೆ ಸೋಮವಾರ ಎಂದರೆ ನನಗೆ ಬೆಳಗಿನ ಮೊದಲ ತರಗತಿ ಅಷ್ಟೇ. ಅಷ್ಟರಮಟ್ಟಿಗೆ ನಾನು ಸುಧಾರಿಸಿಬಿಟ್ಟಿದ್ದೆ.

"ಬ್ಯಾರೆ ಊರಿಂದ ಎತ್ತು ತರಸೂಣೇನ್ರಿ?" ಎಂದೆ.

"ಅಲ್ಲೂ ಸೋಮವಾರನರಿ."

ಪರೀಕ್ಷಕಿಯ ಕಡೆ ತಿರುಗಿದೆ. ಮೈಸೂರು ಕಡೆಯ ಶಾಂತ ಹೆಂಗಸು. "ನಾಳೆ ನಾನು ಬೇರೆ ಜಿಲ್ಲೆಯಲ್ಲಿರುತ್ತೇನೆ. ಇವತ್ತು ನಡೆಯದಿದ್ದರೆ 'ನಡೆಯಲಿಲ್ಲ' ಎಂದು ಬರೆಯಬೇಕಾಗುತ್ತದೆ," ಎಂದರು. ಒಂದು ಚೂರೂ ಸಿಟ್ಟಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ವಿಜಯಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ಷವಿಡೀ ಕಷ್ಟಪಟ್ಟವಳು ಅವಳು, ದಿನ ಗೊತ್ತುಮಾಡಿ ಕೆಡಿಸಿದವನು ನಾನು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ನಾನು ಹೆಂಡತಿ ಗಿರಿಜಾಳಿಗೆ ಫೋನ್ ಮಾಡಿದೆ.

"ಸೋಮವಾರ ಎತ್ತು ಹೂಡಸಾಕ ಹೋಗೀರೇನು?" ಎಂದು ಅವಳು ಕೂಗಿದ್ದು ಬದುವಿನ ತನಕ ಕೇಳಿಸಿತು. "ನರಗುಂದದಾಗ ನಮ್ಮಪ್ಪಗ ಗೊತ್ತಾದ್ರ ಏನಂದಾನು! ಎತ್ತಿಗೆ ಇರೂ ಬುದ್ಧಿ ಅಳಿಯಗ ಇಲ್ಲ ಅಂತಾನ!"

"ಈಗ ಏನ್ ಮಾಡ್ಲಿ ಅದನ್ನ ಹೇಳ."

"ನೀವ ಎಳೀರಿ!" ಎಂದು ಫೋನ್ ಇಟ್ಟಳು.

ಸಿಟ್ಟಿನ ಮಾತನ್ನು ಸಲಹೆ ಎಂದು ಪರಿಗಣಿಸಬಾರದು. ಆದ್ದರಿಂದ ನಾನು ಮೊದಲು ಮೋಟಾರ್ ಸೈಕಲ್ ಪ್ರಯೋಗ ಮಾಡಿದೆ. ಕೂರಿಗೆಗೆ ಹಗ್ಗ ಕಟ್ಟಿ, ನಮ್ಮ ದೈಹಿಕ ಶಿಕ್ಷಣದ ಪಾಟೀಲರ ಗಾಡಿಗೆ ಬಿಗಿದು, "ಹೂಂ, ಬಿಡ್ರಿ," ಎಂದೆ. ಪಾಟೀಲರು ಬಿಟ್ಟರು. ಗಾಡಿ ಇದ್ದಲ್ಲೇ ಇತ್ತು, ಹಿಂದಿನ ಗಾಲಿ ಮಾತ್ರ ಗರಗರ ತಿರುಗಿ ಪುರ್ತಗೇರಿಯ ಕರಿಮಣ್ಣನ್ನು ಬ್ಯಾನರಿನ ಮೇಲೆ ಎರಚಿತು. ವಿದ್ಯಾರ್ಥಿನಿಯರ ಫೋಟೋಗಳಿಗೆ ಏನೂ ಆಗಲಿಲ್ಲ. ನನ್ನದು ದೊಡ್ಡದಿತ್ತಲ್ಲ!

ಟ್ರ್ಯಾಕ್ಟರ್ ತರಿಸುವ ಮಾತೂ ಬಂತು. "ಬ್ಯಾಡ್ರಿ ಸರ. ಎತ್ತಿನ ನಡಿಗಿಗೆ ಹೊಂದೂವಂಗ ಮಾಡೇವಿ. ಟ್ರ್ಯಾಕ್ಟರ್ ಎಳದ್ರ ತುಂಡಾಗತೈತಿ," ಎಂದಳು ವಿಜಯಲಕ್ಷ್ಮಿ. ಅಳು ತಡೆದ ದನಿ.

ಆ ದನಿ ಕೇಳಿದ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ. ನಾನು ಷರಟಿನ ತೋಳು ಮಡಚಿ, ಸಭೆಯನ್ನು ಉದ್ದೇಶಿಸಿ ಘೋಷಿಸಿದೆ: "ಬಲ ಎಂಬುದು ಬಲವೇ ಆಗಿದೆ. ಅದು ಎತ್ತಿನದೋ ಪ್ರಾಧ್ಯಾಪಕನದೋ ಎಂದು ಯಂತ್ರ ವಿಚಾರಿಸುವುದಿಲ್ಲ. ನೊಗ ತನ್ನಿ!"

ಬದುವಿನ ಮೇಲೆ ಹಿರಿಯರ ಸಮಾಲೋಚನೆ ನಡೆಯಿತು. ನೊಗ ಕೊಡಬಹುದೇ? ಮನುಷ್ಯನನ್ನು ಹೂಡಿದರೆ ವಾರದ ನೇಮಕ್ಕೆ ಧಕ್ಕೆಯೇ? ಗಂಭೀರ ಚರ್ಚೆ. ಕೊನೆಗೆ ಕಳಕಪ್ಪನವರು ತೀರ್ಪು ತಂದರು.

"ಸೋಮವಾರ ಎತ್ತಿಗೆ ಅಷ್ಟ ಬಿಡುವರಿ. ಮಾಸ್ತರಗ ಏನೂ ಅಡ್ಡಿ ಇಲ್ಲಂತ."

ಒಂದು ಕಡೆ ನಾನು, ಇನ್ನೊಂದು ಕಡೆ ಪಾಟೀಲರು. ಪಾಟೀಲರು ಕಬಡ್ಡಿ ಆಡಿ ಬೆಳೆದ ಆಳು, ನನಗಿಂತ ಮೊಳ ಎತ್ತರ. ನೊಗ ನನ್ನ ಕಡೆ ವಾಲಿತು. ಪೂಜೆಯ ತಟ್ಟೆ ಹಿಡಿದಿದ್ದ ಅಜ್ಜಿಯೊಬ್ಬಳು ಓಡಿ ಬಂದು, ರೂಢಿ ಬಿಡಬಾರದೆಂದು ನಮ್ಮಿಬ್ಬರ ಹಣೆಗೂ ಕುಂಕುಮ ಹಚ್ಚಿ ಆರತಿ ಎತ್ತಿದಳು. ಬಣ್ಣದ ಕೋಡಿನ ಎತ್ತುಗಳು ಮೇವು ಮೆಲ್ಲುತ್ತಾ, ನಮ್ಮನ್ನೇ ನೋಡುತ್ತಾ ನಿಂತಿದ್ದವು.

ಕಳಕಪ್ಪನವರು ಹಿಂದೆ ನಿಂತು ಕೂರಿಗೆ ಹಿಡಿದರು. ಎಳೆದೆವು. ಕಾಲು ಕಪ್ಪು ಮಣ್ಣಿನಲ್ಲಿ ಹೂತು, ಚಪ್ಪಲಿ ಅಲ್ಲೇ ಉಳಿದು, ನಾನು ಮುಂದೆ ಹೋದೆ. ಆದರೆ ಗಾಲಿ ತಿರುಗಿತು. ಟಕ್ ಟಕ್ ಎಂದು ಕಾಳು ಬೀಳುವ ಸದ್ದು ಹಿಂದಿನಿಂದ ಬಂತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಉಮೇದಿನಲ್ಲಿ ಪಾಟೀಲರು ಜೋರಾಗಿ ಎಳೆದರು, ನನ್ನಿಂದಾಗಲಿಲ್ಲ, ಸಾಲು ಬಾಗಿ ಹಾಗಲಕಾಯಿಯಂತಾಯಿತು. ಆಗಲೇ ನನ್ನ ಬೆನ್ನಿಗೆ ಚುರ್ ಎಂದು ಒಂದು ಏಟು ಬಿತ್ತು!

"ತಪ್ಪಾತ್ರಿ ಸರ!" ಎಂದರು ಕಳಕಪ್ಪನವರು, ಬಾರಕೋಲು ಹಿಂದಕ್ಕೆಳೆದುಕೊಂಡು. "ರೂಢೀರಿ. ಎಡಗಡೀದು ಮೈಗಳ್ಳ ಆದ್ರ ಕೈ ತಾನ ಏಳತೈತಿ."

ಹೊಲದ ತುದಿ ಮುಟ್ಟಿದಾಗ ನಾನು ಮೂಗಿನಿಂದ ಉಸಿರು ಬಿಡುತ್ತಿದ್ದೆ. ಪರೀಕ್ಷಕಿ ಬಗ್ಗಿ, ಸಾಲಿನ ಮಣ್ಣು ಸರಿಸಿ, ಕಾಳುಗಳ ಅಂತರ ಅಳೆದು ನೋಡಿದರು. ಸಾಲು ಸೊಟ್ಟಗಿತ್ತು. ಅಂತರ ಮಾತ್ರ ಒಂದೇ ಸಮ.

"ಕಾಳು ಸರಿಯಾಗಿ ಬಿದ್ದಿವೆ," ಎಂದರು. "ಆದರೆ ಎತ್ತಿನ ಕೂರಿಗೆಯನ್ನು ಮನುಷ್ಯರು ಎಳೆದರೆ ನಾನು ಹೇಗೆ ಒಪ್ಪಲಿ?"

ನಾನು ವಿವರಿಸಲು ಬಾಯಿ ತೆರೆದೆ. ದೇವರ ದಯೆ, ಮಾತು ಬರುವಷ್ಟು ಉಸಿರಿರಲಿಲ್ಲ. ವಿಜಯಲಕ್ಷ್ಮಿ ಮುಂದೆ ಬಂದಳು. ಎಳೆ ಹರಿದರೆ ಮಗ್ಗ ನಿಲ್ಲಿಸಿ ಅಳುತ್ತ ಕೂರುವ ಮನೆತನ ಅಲ್ಲ ಅದು. ಗಂಟು ಹಾಕಿ ಮುಂದೆ ನಡೆಯುವವರು.

"ಎತ್ತು ಸಾಕೂ ಶಕ್ತಿ ಎಲ್ಲಾರಿಗೂ ಇರೂದಿಲ್ರಿ ಮೇಡಂ," ಎಂದಳು. "ಹಗೂರ ಐತಿ, ಮನಿ ಮಂದಿನ ಎಳೀಬಹುದು. ಅದೂ ನಿಮಗ ತೋರಿಸಿದಂಗಾತು. ನಮ್ಮ ಸರನ ಎಳದ್ರು ಅಂದಮ್ಯಾಲ ಯಾರರ ಎಳೀತಾರ್ರಿ!"

ಪರೀಕ್ಷಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಾಕ್ಷ್ಯ ಮನವರಿಕೆಯಾಗಿರಬೇಕು. "ಆಯ್ಕೆಯಾಗಿದೆ," ಎಂದರು. "ಪ್ರದರ್ಶನದಲ್ಲೂ ಹೀಗೇ ಎಳೆದು ತೋರಿಸಿ. ಇವರನ್ನೇ ಕರೆತನ್ನಿ."

ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋದೆವು. ಬಯಲಿನಲ್ಲಿ ಮಣ್ಣಿನ ಪಟ್ಟಿ ಹಾಕಿದ್ದರು. ಪಾಟೀಲರು ಸೊಂಟ ನೋವೆಂದು ಜಾಣತನದಿಂದ ತಪ್ಪಿಸಿಕೊಂಡಿದ್ದರು. ನೊಗ ಮೋಟು ಮಾಡಿ ನನ್ನೊಬ್ಬನ ಅಳತೆಗೆ ಹೊಂದಿಸಿದ್ದಳು ವಿಜಯಲಕ್ಷ್ಮಿ. ಹಗಲೆಲ್ಲ ಎಳೆದೆ. ಸಂಜೆ ಮೊದಲ ಬಹುಮಾನ ಘೋಷಣೆಯಾದಾಗ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನನಗೂ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ನೊಗದ ಮೇಲಿತ್ತು.

ವೇದಿಕೆಗೆ ಹುಡುಗಿಯರನ್ನು ಕರೆದರು. ನಾನು ಕೂರಿಗೆಯ ಜೊತೆ ಕೆಳಗೇ ನಿಂತೆ. ನೋಡಲು ಬಂದಿದ್ದ ಗಿರಿಜಾ ನನ್ನ ಹೆಗಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಆಗ ಯಾವುದೋ ದೂರದ ಊರಿನ ರೈತ ಅಜ್ಜ ಬಂದು ಗಾಲಿ ತಿರುಗಿಸಿ ನೋಡಿದ, ಬಟ್ಟಲು ತಟ್ಟಿ ನೋಡಿದ. ಆಮೇಲೆ ನನ್ನ ಸುತ್ತ ಒಂದು ಸುತ್ತು ಬಂದು, ಬೆನ್ನು ಚಪ್ಪರಿಸಿ, ದನದ ಸಂತೆಯಲ್ಲಿ ವಯಸ್ಸು ವಿಚಾರಿಸುವ ರೀತಿಯಲ್ಲಿ ಗಿರಿಜಾಳನ್ನು ಕೇಳಿದ.

"ಎಷ್ಟ ಹಲ್ಲು ಆಗ್ಯಾವಬೇ ತಂಗಿ?"

ಗಿರಿಜಾ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ, ನನ್ನ ಮುಖ ಕೂಡ ನೋಡದೆ ಹೇಳಿದಳು:

"ಎಲ್ಲಾ ಹಲ್ಲು ಆಗಿ ಬಾಯಿಗೂಡೇತಿ ಯಜ್ಜಾ. ಇನ್ನ ಮಾರಿದ್ರ ಯಾರೂ ತಗೊಳ್ಳೂದಿಲ್ಲ, ಇರ್ಲಿ ಅಂತ ಮನ್ಯಾಗ ಇಟ್ಕೊಂಡೇನಿ."